ಕುಡಿಯದವನ ಆಣೆ

ವಿನೋಬನಗರ, ದಾವಣಗೆರೆ
ಭಾನುವಾರ, ೧೨-೧-೨೦೨೫

ನನ್ನ ಮೇಲೆ ಮುನಿದು ಹರಿಹರದ ತವರು ಸೇರಿರುವ ಅಂಜಿನವ್ವನಿಗೆ, ಗಂಡ ಮಾಲತೇಶಪ್ಪ ಬರೆಯುವುದು.

ಫೋನ್ ಮಾಡಿದರೆ ಕಟ್ ಮಾಡುತ್ತೀಯ, ಅದಕ್ಕೇ ಈ ಕಾಗದ. ಪಕ್ಕದ ಮನೆ ಸುನೀತಾ ನಾಳೆ ಹರಿಹರಕ್ಕೆ ಕೆಲಸಕ್ಕೆ ಬರುವಾಗ ತಂದುಕೊಡುತ್ತಾಳೆ. ನೀನು ಇದನ್ನು ಹರಿದು ಹಾಕಬಹುದು, ಆದರೆ ಓದದೆ ಹರಿಯುವ ಹೆಂಗಸು ನೀನಲ್ಲ. ನಾನು ಆರಾಮಾಗಿದ್ದೇನೆ. ಮುದ್ದೆ ಮಾತ್ರ ಇನ್ನೂ ಗಂಟು ಗಂಟಾಗುತ್ತದೆ.

ನಡೆದದ್ದನ್ನು ಒಂದು ಸಲ ನನ್ನ ಬಾಯಿಂದಲೂ ಕೇಳು. ಸಕ್ಕರೆ ಕಾಯಿಲೆ ತಪಾಸಣೆಗೆಂದು ಇಬ್ಬರೂ ಹೋಗಿದ್ದೆವು. ಡಾಕ್ಟರ್ ತಸ್ಲೀಮ್ ಮೇಡಂ ನನ್ನ ಹೊಟ್ಟೆಯ ಸ್ಕ್ಯಾನ್ ನೋಡಿ, ಲಿವರ್‌ನಲ್ಲಿ ಕೊಬ್ಬು ಕೂತಿದೆ ಎಂದರು. ನಿನ್ನ ಮುಖ ಕಪ್ಪಿಟ್ಟಿತು. ಹೊರಗೆ ಬಂದವಳೇ, ‘ಕುಡೀದೇ ಇದ್ರೆ ಲಿವರ್ ಯಾಕ ಕೆಡ್ತೈತ್ರಿ? ನಮ್ಮಪ್ಪಂದು ಕೆಟ್ಟಿದ್ದೂ ಹಿಂಗೇ’ ಎಂದೆ. ಮಾವ ಕುಡಿದು ಕುಡಿದು ಸತ್ತದ್ದನ್ನು ಕಣ್ಣಾರೆ ಕಂಡವಳು ನೀನು. ಕುಡಿಯುವವನಾದರೆ ಮದುವೆಯೇ ಬೇಡ ಎಂದು ಹಠ ಹಿಡಿದು, ನಾಲ್ಕು ಕಡೆ ವಿಚಾರಿಸಿ ನನ್ನನ್ನು ಒಪ್ಪಿದವಳು. ನಿನ್ನ ಹೆದರಿಕೆ ನನಗೆ ಅರ್ಥವಾಗಿತ್ತು.

ಅದಕ್ಕೇ ನೀನು ಉಕ್ಕಡಗಾತ್ರಿ ಅಜ್ಜಯ್ಯನ ಗುಡಿಗೆ ನಡೀರಿ ಎಂದಾಗ ನಾನು ಸುಮ್ಮನೆ ಬಸ್ ಹತ್ತಿದೆ. ದೇವರ ಮುಂದೆ ‘ಇನ್ನು ಮುಂದೆ ಕುಡಿಯಲ್ಲ’ ಎಂದು ನೀನು ಆಣೆ ಮಾಡಿಸಿದೆ, ನಾನೂ ಮಾಡಿದೆ. ಮುಟ್ಟದೇ ಇರುವುದನ್ನು ಬಿಡುವುದಕ್ಕೇನು ಕಷ್ಟ, ಹೆಂಡತಿಗೆ ಸಮಾಧಾನವಾಗಲಿ ಎಂಬ ಜಾಣತನ ನನ್ನದು. ನೀನೋ, ‘ಕುಡೀತಿದ್ದಕ್ಕೇ ಅಲ್ಲೇನ್ರಿ ಬಿಡ್ತೀನಿ ಅಂದಿದ್ದು?’ ಎಂದು ಕಣ್ಣೊರೆಸಿಕೊಂಡು ಅಲ್ಲಿಂದಲೇ ಹರಿಹರದ ಬಸ್ ಹತ್ತಿಬಿಟ್ಟೆ. ಮಾಡದ ತಪ್ಪನ್ನು ದೇವರ ಮುಂದೆ ಒಪ್ಪಿಕೊಂಡ ದಡ್ಡ ಈ ಜಿಲ್ಲೆಯಲ್ಲಿ ನಾನೊಬ್ಬನೇ ಇರಬೇಕು. ನಿನ್ನ ತಮ್ಮ ಸಣ್ಣಬೀರಪ್ಪ ಫೋನ್ ಮಾಡಿ, ‘ನಿಮ್ಮಂಥೋರೂ ಹಿಂಗಾ ಭಾವ?’ ಎಂದ. ಅದರಿಂದ ನೋವಾಯಿತು, ಅಂಜಿನವ್ವ.

ಮೊನ್ನೆ ಒಬ್ಬನೇ ಮೇಡಂ ಹತ್ತಿರ ಹೋಗಿ ಎಲ್ಲ ಹೇಳಿಕೊಂಡೆ. ಅವರು ನಕ್ಕು, ‘ಕುಡಿಯೋದೊಂದ್ರಿಂದ್ಲೇ ಅಲ್ರಿ ಯಜಮಾನ್ರೇ. ಶುಗರ್ ಇರೋರಿಗೆ ಒಂದು ಹನಿ ಮುಟ್ಟದಿದ್ರೂ ಲಿವರ್‌ನಾಗೆ ಕೊಬ್ಬು ಕೂಡ್ತೈತೆ. ನೋವಿರಲ್ಲ, ಗೊತ್ತೂ ಆಗಲ್ಲ. ಹಂಗೇ ಬಿಟ್ರೆ ಲಿವರ್ ಕಲ್ಲಿನಂಗೆ ಗಟ್ಟಿ ಆಗಿ ಕೆಡ್ತೈತೆ. ಈಗ್ಲೇ ತೂಕ ಇಳಿಸಿದ್ರೆ ಸುಧಾರಿಸ್ತೈತೆ’ ಎಂದರು.

ನಾನು ನಿನ್ನಿಂದ ಬಚ್ಚಿಟ್ಟದ್ದು ಇಲ್ಲ ಎನ್ನುವುದಿಲ್ಲ, ಆದರೆ ಅದು ಬಾಟಲಿಯಲ್ಲ. ಸಂಜೆ ಟೈಲರ್ ಅಂಗಡಿ ಮುಚ್ಚಿ ಹೋಗುತ್ತಿದ್ದುದು ಮಿರ್ಚಿ ಮಂಡಕ್ಕಿ ಗಾಡಿಗೆ. ವಾಸನೆ ಹೋಗಲೆಂದು ಸೋಂಪು ಜಗಿಯುತ್ತಾ ಬರುತ್ತಿದ್ದೆ. ಆ ಸೋಂಪಿಗೆ ನೀನು ಬೇರೆಯೇ ಅರ್ಥ ಕಟ್ಟಿದ್ದೆ ಎಂಬುದು ಈಗ ಹೊಳೆಯುತ್ತಿದೆ. ಆಗಾಗ ಬೆಣ್ಣೆ ದೋಸೆಯೂ ಇತ್ತು. ಬರೆಯುವಾಗಲೇ ಬಾಯಲ್ಲಿ ನೀರೂರುತ್ತದೆ. ಈಗ ಎರಡೂ ಇಲ್ಲ. ನೀನು ಹೋದಾಗಿನಿಂದ ಮನೆಯಲ್ಲಿ ಕೂರಲಾಗದೆ ಬೆಳಗ್ಗೆ ಸಂಜೆ ಸುಮ್ಮನೆ ನಡೆಯುತ್ತಿದ್ದೇನೆ. ನಿನ್ನೆ ನನ್ನದೇ ಪ್ಯಾಂಟಿನ ಸೊಂಟ ಹಿಡಿದು ಹೊಲಿದುಕೊಂಡೆ. ಊರವರ ಸೊಂಟವನ್ನೆಲ್ಲ ಸಡಿಲ ಮಾಡಿಕೊಟ್ಟವನಿಗೆ ಅದೊಂದು ಹಬ್ಬವೇ ಆಯಿತು.

ಸಿಟ್ಟಿನಲ್ಲೇ ಬಾ, ಪರವಾಗಿಲ್ಲ. ಬೈಯುವವರಿಲ್ಲದ ಮನೆಯಲ್ಲಿ ಪಥ್ಯ ರುಚಿಸುವುದಿಲ್ಲ. ನೀನು ನಂಬದಿದ್ದರೆ ಬೇರೆ ಯಾರು ನನ್ನನ್ನು ನಂಬಿದರೂ ಏನು ಬಂತು?

ನಿನ್ನ ದಾರಿ ಕಾಯುತ್ತಿರುವ,
ಮಾಲತೇಶಪ್ಪ

ವಿ.ಸೂ.: ಆವತ್ತು ನಿನಗೂ ರಕ್ತ ಪರೀಕ್ಷೆ ಮಾಡಿಸಿದ್ದೆವಲ್ಲ, ಜಗಳದಲ್ಲಿ ಇಬ್ಬರೂ ಮರೆತೇ ಬಿಟ್ಟೆವು. ನಿನ್ನ ಲಿವರ್‌ನಲ್ಲೂ ತೊಂದರೆ ಇರುವಂತಿದೆ ಎಂದು ಮೊನ್ನೆ ಮೇಡಂ ಹೇಳಿದರು. ಹೆದರುವಂಥದ್ದೇನಿಲ್ಲ, ಗುರುವಾರ ಸ್ಕ್ಯಾನ್‌ಗೆ ಕರೆತನ್ನಿ ಎಂದಿದ್ದಾರೆ. ಮೊದಲೇ ಬರೆದಿದ್ದರೆ ಉಳಿದದ್ದನ್ನು ನೀನು ಓದುತ್ತಿರಲಿಲ್ಲ, ಅಳುತ್ತಾ ಕೂರುತ್ತಿದ್ದೆ. ಬುಧವಾರ ನಾನೇ ಬರುತ್ತೇನೆ, ಬಟ್ಟೆ ಕಟ್ಟಿಟ್ಟಿರು. ನೀನು ಎಲ್ಲಿ ಕುಡಿದೆ ಎಂದು ನಾನಂತೂ ಕೇಳುವುದಿಲ್ಲ.