ನೂರರ ಮೇಲೊಂದು

ಒಸಾಕಾ
೬ ಡಿಸೆಂಬರ್ ೨೦೨೦, ಭಾನುವಾರ

ನನ್ನ ಇಂದಿರಾ,

ಮೊದಲೇ ಹೇಳಿಬಿಡುತ್ತೇನೆ, ಈ ಪತ್ರ ದುಡ್ಡು ಕೇಳುವುದಕ್ಕಲ್ಲ. ಗಾಬರಿಯಾಗಿ ಕನ್ನಡಕ ತೆಗೆದಿಡಬೇಡ, ಪೂರ್ತಿ ಓದು.

ಫೋನಿನಲ್ಲೇ ಹೇಳಬಹುದಿತ್ತಲ್ಲ ಅನ್ನುತ್ತೀಯ. ಹೇಳಲು ನೋಡಿದೆ ಕಣೇ. ಹೋದ ತಿಂಗಳು ‘ವಂತಿಗೆ’ ಅನ್ನುವ ಮಾತು ನನ್ನ ಬಾಯಿಂದ ಬಂದ ಕೂಡಲೇ ನಿನ್ನ ಸಿಗ್ನಲ್ ಹೋಯಿತು. ಮೈಸೂರಿನ ಕಾಲೇಜಿನಲ್ಲೂ ಹಾಗೇ ತಾನೆ? ನಾನು ರಸೀದಿ ಪುಸ್ತಕ ಹಿಡಿದು ಸ್ಟಾಫ್ ರೂಮಿಗೆ ಕಾಲಿಟ್ಟರೆ ನಿನಗೆ ಗ್ರೌಂಡಿನಲ್ಲಿ ಏನೋ ಕೆಲಸ ನೆನಪಾಗುತ್ತಿತ್ತು. ಇಬ್ಬರೂ ಪಿ.ಟಿ. ಮೇಡಂಗಳು, ಇಬ್ಬರಿಗೂ ಒಂದೇ ಸಂಬಳ, ಬೈಸಿಕೊಳ್ಳುವುದು ಮಾತ್ರ ನಾನೊಬ್ಬಳೇ! ಇರಲಿ. ಇಲ್ಲಿಂದ ಟಪಾಲು ಸರಿಯಾಗಿ ಹೊರಡುತ್ತಿಲ್ಲ. ನಮ್ಮ ದ್ವಾರಕಾನಾಥ ಅನ್ನುವ ಸಾಫ್ಟ್‌ವೇರ್ ಹುಡುಗ ವಿಶೇಷ ವಿಮಾನದಲ್ಲಿ ಊರಿಗೆ ಬರುತ್ತಿದ್ದಾನೆ, ಅವನ ಕೈಯಲ್ಲಿ ಕಳಿಸುತ್ತಿದ್ದೇನೆ.

ಎರಡು ತಿಂಗಳು ಮಗಳ ಮನೆಯಲ್ಲಿದ್ದು ಬರುತ್ತೇನೆಂದು ಫೆಬ್ರವರಿಯಲ್ಲಿ ಹೊರಟವಳು ನಾನು. ವಿಮಾನ ನಿಂತಿತು, ವೀಸಾ ಬೆಳೆಯುತ್ತಾ ಹೋಯಿತು, ನಾನು ಇಲ್ಲಿ ಬೇರು ಬಿಟ್ಟೆ. ಕೃಪಾ ಈ ಊರಿನ ಸಣ್ಣದೊಂದು ಮಹಿಳಾ ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳಿಕೊಡುತ್ತಾಳೆ, ಅದು ನಿನಗೆ ಗೊತ್ತು. ನನಗೇ ಗೊತ್ತಿಲ್ಲದ್ದು ಇನ್ನೊಂದಿತ್ತು. ಜೂನ್ ಕೊನೆಯಲ್ಲಿ ಒಂದು ಬೆಳಿಗ್ಗೆ ಹೊಳೆದಂಡೆಯ ಮೇಲೆ ವಾಕಿಂಗ್ ಹೋಗಿದ್ದೆ. ಎಂಟು ಹುಡುಗಿಯರು ಓಡುತ್ತಿದ್ದರು. ನಮ್ಮ ಕಣ್ಣು ಸುಮ್ಮನಿರುತ್ತದೆಯೇ? ಮೂರನೆಯವಳ ಕೈ ಎದೆಯ ಮುಂದೆ ಅಡ್ಡಡ್ಡ ಬೀಸುತ್ತಿದೆ, ಯಾರೂ ಹೇಳುವವರಿಲ್ಲವಲ್ಲ ಎಂದು ನೋಡಿದರೆ ಅಲ್ಲಿ ನಿಂತಿದ್ದಾಳೆ ನನ್ನ ಮಗಳು! ಮೂಗಿನವರೆಗೆ ಮಾಸ್ಕ್, ಕೈಯಲ್ಲಿ ತಲೆಕೆಳಗಾಗಿ ಹಿಡಿದ ಸ್ಟಾಪ್‌ವಾಚ್.

ಇಂದಿರಾ, ಇವಳು ಯಾವ ಕೃಪಾ ಎಂದು ನಿನಗೆ ಹೇಳಬೇಕಾಗಿಲ್ಲ. ನಮ್ಮ ಕಾಲೇಜಿನಲ್ಲೇ ಮೂರು ವರ್ಷ ಓದಿ, ಪಿ.ಟಿ. ಪೀರಿಯಡ್ಡಿನಲ್ಲಿ ನಾನು ಹಾಜರಿ ಕರೆದರೆ ಕಲ್ಲಿನ ಹಾಗೆ ನಿಂತು, ಎದುರಿಗಿದ್ದೂ ಆಬ್ಸೆಂಟ್ ಹಾಕಿಸಿಕೊಂಡವಳು. ‘ಪಿ.ಟಿ. ಮೇಡಂ ಮಗಳು’ ಅಂತ ಯಾರಾದರೂ ಅಂದರೆ ಮನೆಗೆ ಬಂದು ಊಟ ಬಿಡುತ್ತಿದ್ದವಳು. ಇಲ್ಲಿ ಪ್ರತಿ ಆಟದ ತಂಡಕ್ಕೂ ಒಬ್ಬ ಉಪನ್ಯಾಸಕರು ಹೊಣೆ ಇರಬೇಕಂತೆ. ಹೊಸಬಳೆಂದು ಓಟದ ತಂಡವನ್ನು ಇವಳ ತಲೆಗೆ ಕಟ್ಟಿದ್ದಾರೆ. ಏಪ್ರಿಲ್‌ನಿಂದ ನನಗೆ ಬಾಯಿ ಬಿಟ್ಟಿರಲಿಲ್ಲ ನೋಡು! ನನ್ನನ್ನು ನೋಡಿ ಮುಖ ಕೆಂಪಾಗಿಸಿಕೊಂಡು, ಅಮ್ಮಾ ಪ್ಲೀಸ್, ಬೇಕಾದ್ದು ಮಾಡು, ವಿಷಲ್ ಮಾತ್ರ ತೆಗೀಬೇಡ ಅಂದಳು. ವಿಷಲ್ ಚೀಲದಲ್ಲೇ ಇತ್ತು. ತೆಗೆಯಲಿಲ್ಲ, ನನ್ನಾಣೆ.

ಸಂಜೆ ಚಹಾ ಕುಡಿಯುವಾಗ ನಿಜ ಹೊರಬಂತು. ಈ ತಂಡವನ್ನು ಇಷ್ಟು ವರ್ಷ ಸಾಕಿದ್ದು ಒಬ್ಬರೇ ಹಳೆಯ ವಿದ್ಯಾರ್ಥಿನಿ. ಪ್ರವಾಸಿಗಳ ಹೋಟೆಲು ನಡೆಸುತ್ತಿದ್ದವರು. ಪ್ರವಾಸಿಗಳೇ ಇಲ್ಲ ಅಂದಮೇಲೆ ಹೋಟೆಲು ಎಲ್ಲಿಯದು, ಪಾಪ, ಬಾಗಿಲು ಹಾಕಿದರು. ಉಳಿದ ದಾನಿಗಳೆಂದರೆ ಬೆರಳೆಣಿಕೆಯ ಅಜ್ಜಿಯರು. ಹತ್ತು ಸಾವಿರ ಯೆನ್‌ಗೆ ಕಮ್ಮಿ ಕೊಡುವಂತಿಲ್ಲ, ಹಳೆಯ ವಿದ್ಯಾರ್ಥಿನಿಯರಲ್ಲದೆ ಬೇರೆಯವರು ಕೊಡುವಂತಿಲ್ಲ, ಹೀಗೊಂದು ಕಟ್ಟಳೆ ಬೇರೆ. ಕಾಲೇಜಿನವರು ಒಂದೇ ಮಾತು ಹೇಳಿದ್ದರು: ನವೆಂಬರ್ ಕೊನೆಯೊಳಗೆ ಈ ತಂಡದ ಹಿಂದೆ ನೂರು ಜನ ಇದ್ದಾರೆಂದು ತೋರಿಸಿ, ಇಲ್ಲವಾದರೆ ಮುಚ್ಚುತ್ತೇವೆ. ಎಷ್ಟು ದುಡ್ಡು ಅಂತಲ್ಲ ಕಣೇ, ಎಷ್ಟು ಜನ ಅಂತ. ಆ ಹುಡುಗಿಯರು ಮುಂದಿನ ವರ್ಷದ ರಿಲೇ ಓಟಕ್ಕೆಂದು ಕೊಂಬಿನಿ ಅನ್ನುವ ಹಗಲೂ ರಾತ್ರಿ ತೆರೆದ ಅಂಗಡಿಗಳಲ್ಲಿ ದುಡಿದು ಬಂದು ಬೆಳಗಾಗೆದ್ದು ಓಡುತ್ತಿದ್ದಾರೆ. ನನ್ನ ಕೈಗೆ ಬಂದ ವರ್ಷವೇ ಮುಚ್ಚಿಹೋಯ್ತು ಅಂತಾಗುತ್ತಮ್ಮ ಎಂದು ಕೃಪಾ ಲೋಟ ನೋಡಿಕೊಂಡು ಹೇಳಿದಳು.

ಹಿಂದೆಯೇ ಇನ್ನೊಂದು ಮಾತನ್ನೂ ಸೇರಿಸಿದಳು: ನನ್ನನ್ನು ಮೆಂಬರ್ ಆಗು ಅಂತ ಮಾತ್ರ ಕೇಳಬೇಡ, ಸ್ಪೋರ್ಟ್ಸ್ ಅಂದ್ರೆ ಈಗಲೂ ನನಗಾಗಲ್ಲ, ಹೊಣೆ ಬಿದ್ದಿದೆ ಮಾಡ್ತಿದೀನಿ ಅಷ್ಟೆ. ಸರಿ ತಾಯಿ ಅಂದೆ. ನನ್ನ ಹಟ ನಿನಗೆ ಗೊತ್ತಲ್ಲ, ಆಮೇಲೆ ಒಂದು ಸಲವೂ ಕೇಳಲಿಲ್ಲ.

ಅಜ್ಜಿಯರ ಸಂಘದ ಖಜಾಂಚಿ ಮೋರಿ-ಸಾನ್; ನಾವು ‘ಮೇಡಂ’ ಅನ್ನುವ ಹಾಗೆ ಇಲ್ಲಿ ‘ಸಾನ್’. ಎಪ್ಪತ್ತು ದಾಟಿದೆ, ಕಾಲೇಜಿನಲ್ಲಿ ಎಂಟುನೂರು ಮೀಟರ್ ಓಡುತ್ತಿದ್ದವರು, ಇವತ್ತಿಗೂ ಬೆನ್ನು ಗೆರೆ ಎಳೆದಷ್ಟು ನೆಟ್ಟಗೆ. ಅವರ ಭಾಷೆ ನನಗೆ ಬಾರದು, ನನ್ನದು ಅವರಿಗೆ ಬಾರದು, ಆದರೂ ಮೂರನೆಯ ಹುಡುಗಿಯ ಕೈ ಬೀಸುವುದರ ವಿಷಯದಲ್ಲಿ ಇಬ್ಬರಿಗೂ ಒಂದೇ ಅಭಿಪ್ರಾಯ. ದುಡ್ಡಿನ ವಿಷಯದಲ್ಲಿ ಮಾತ್ರ ಅವರು ಜಗ್ಗಲಿಲ್ಲ. ಹೊರಗಿನವರಿಗೆ ತೊಂದರೆ ಕೊಡಬಾರದು ಎಂದು ಬಗ್ಗಿ ಬಗ್ಗಿ ಹೇಳಿದರು. ನಾನು ಕೃಪಾಳ ಬಾಯಿಂದ ನಮ್ಮ ಕಥೆ ಹೇಳಿಸಿದೆ. ನಮ್ಮ ಕ್ರೀಡಾದಿನಕ್ಕೆ ಸಾವಿರ ಕೊಟ್ಟವರು ಡ್ರೈವರನ್ನು ಕಳಿಸುತ್ತಿದ್ದರು, ಹತ್ತು ರೂಪಾಯಿ ಕೊಟ್ಟ ಹೂವಿನವಳು ಮನೆಮಂದಿಯನ್ನೆಲ್ಲ ಕಟ್ಟಿಕೊಂಡು ಬರುತ್ತಿದ್ದಳು, ನೆನಪಿದೆಯಾ? ಅದನ್ನು ಕೇಳಿ ಮೋರಿ-ಸಾನ್ ನಕ್ಕುಬಿಟ್ಟರು. ಯಾರು ಬೇಕಾದರೂ ಕೊಡಬಹುದು, ಸಾವಿರ ಯೆನ್ ಸಾಕು ಎಂದು ಕಟ್ಟಳೆ ಸಡಿಲಾಯಿತು.

ಕೃಪಾ ಇಲ್ಲಿನ ಕನ್ನಡಿಗರ ಗುಂಪಿಗೆ ಸಂದೇಶ ಹಾಕಿದಳು. ಒಸಾಕಾ, ಕಾಶಿವಾ, ನೋಮಿ ಎಲ್ಲ ಕಡೆಯಿಂದ ನಮ್ಮವರು ಕಳಿಸಿದರು. ಸಾವಿರವನ್ನಲ್ಲ, ಎಲ್ಲರೂ ಸಾವಿರದ ಒಂದು!

ಮೋರಿ-ಸಾನ್ ಮೊದಲನೆಯದನ್ನು ಕಂಡು ಯಾರೋ ತಪ್ಪು ಒತ್ತಿದ್ದಾರೆ ಅಂದುಕೊಂಡರಂತೆ. ಐದಾರು ಬರುವಷ್ಟರಲ್ಲಿ ಬ್ಯಾಂಕೇ ಕೆಟ್ಟಿದೆ ಅಂದುಕೊಂಡರಂತೆ. ಆಮೇಲೆ ಕೂತು ಒಬ್ಬೊಬ್ಬರಿಗೂ ಫೋನ್ ಮಾಡಿದರು. ಸುಮಿಮಾಸೆನ್, ಅಂದರೆ ಕ್ಷಮಿಸಿ, ತಮ್ಮಿಂದ ಒಂದು ಯೆನ್ ಹೆಚ್ಚಾಗಿ ಬಂದಿದೆ, ಹೇಗೆ ಹಿಂದಿರುಗಿಸಲಿ? ಕೃಪಾ ತಲೆ ಮೇಲೆ ಕೈ ಹೊತ್ತಳು. ದ್ವಾರಕಾನಾಥ ನನಗೆ ಫೋನ್ ಮಾಡಿ, ಮೇಡಂ, ಆ ಒಂದು ಯಾಕೆ ಅಂತ ನನಗೇ ಗೊತ್ತಿಲ್ವಲ್ಲ, ಮುಯ್ಯಿ ಕವರ್‌ಗೆ ಹಾಕ್ತೀವಿ ಅಷ್ಟೆ, ಈಯಮ್ಮನಿಗೆ ಏನಂತ ಹೇಳ್ಲಿ ಎಂದು ಗೋಳಾಡಿದ. ನೋಮಿಯ ಸಂಶೋಧನಾ ವಿದ್ಯಾರ್ಥಿನಿ, ನಿಧಿ ಅನ್ನುವವಳ ಕಥೆ ಬೇರೆ. ಹಾಸ್ಟೆಲ್ ಕೋಣೆಯಲ್ಲಿ ಒಬ್ಬಳೇ ಕೂತು ಬೇಸತ್ತಿದ್ದ ಹುಡುಗಿ, ಒಂದು ಯೆನ್ ನೆಪದಲ್ಲಿ ಮೋರಿ-ಸಾನ್ ಜೊತೆ ಗಂಟೆಗಟ್ಟಲೆ ಹರಟಿದಳಂತೆ. ಈಗ ಇಬ್ಬರಿಗೂ ವಾರಕ್ಕೊಮ್ಮೆ ಫೋನ್ ಆಗಲೇಬೇಕು.

ಕೊನೆಗೆ ಮೋರಿ-ಸಾನ್ ನಮ್ಮ ಮನೆಗೇ ಬಂದರು. ಸೊನ್ನೆಗೆ ನಿಲ್ಲಿಸಿದರೆ ಕೊಟ್ಟು ಮುಗಿಯಿತು ಅಂತ ಅರ್ಥ, ಒಂದು ಸೇರಿಸಿದರೆ ಮತ್ತೆ ಶುರುವಾಯಿತು ಅಂತ, ನಮ್ಮಮ್ಮ ನನಗೆ ಹೇಳಿಕೊಟ್ಟದ್ದು ಹಾಗೆ ಎಂದು ಕೃಪಾಳಿಂದ ಹೇಳಿಸಿದೆ. ಅವರು ಚೀಲದಿಂದ ಹೆಸರುಗಳ ಪಟ್ಟಿ ತೆಗೆದು ನೋಡಿದರು. ಹಾಗಾದರೆ ಇವರೆಲ್ಲ ಮುಂದಿನ ವರ್ಷವೂ ಕೊಡುತ್ತಾರೆಯೇ ಎಂದು ಮೆಲ್ಲಗೆ ಕೇಳಿದರು. ಕೊಡದೆ ಎಲ್ಲಿಗೆ ಹೋಗುತ್ತಾರೆ ಅಂದೆ, ಯಾರನ್ನೂ ಒಂದು ಮಾತು ಕೇಳದೆ! ಮರುದಿನದಿಂದ ಆ ಮಹಾತಾಯಿ ತಾನೇ ಅಂಗಡಿಬೀದಿಗೆ ಇಳಿದರು. ತೋಫು ಮಾರುವವರು, ಕ್ಷೌರದಂಗಡಿಯವರು, ಸೈಕಲ್ ರಿಪೇರಿಯವರು, ಯಾರನ್ನೂ ಬಿಡಲಿಲ್ಲ. ಸಾವಿರ ಈ ವರ್ಷಕ್ಕೆ, ಒಂದು ಮುಂದಿನ ವರ್ಷದ ಮಾತಿಗೆ ಎಂದು ವಿವರಿಸಿ, ಆ ಒಂದೊಂದು ಯೆನ್‌ಗಳನ್ನು ಉಪ್ಪಿನಕಾಯಿ ಜಾಡಿಯಲ್ಲಿ ಬೇರೆಯೇ ತುಂಬಿಸಿದರು. ಹೋಟೆಲು ಮುಚ್ಚಿದ ಆ ಹಳೆಯ ದಾನಿಯೂ ಸಾವಿರದ ಒಂದು ಕಳಿಸಿದರು ಕಣೇ. ಅದನ್ನು ಕೇಳಿ ನನಗೆ ಅಳು ಬಂತು.

ಹೋದ ಭಾನುವಾರ ಝೂಮ್‌ನಲ್ಲಿ ಸಭೆ. ಕಾಲೇಜಿನ ಹಿರಿಯರು, ಅಜ್ಜಿಯರು, ಅಂಗಡಿಯವರು, ನಮ್ಮವರು, ಹುಡುಗಿಯರು, ಪುಟ್ಟ ಪುಟ್ಟ ಚೌಕದಲ್ಲಿ ಎಲ್ಲರ ಮುಖ. ಸದಸ್ಯರ ಹೆಸರು ಕೂಗುವ ಕೆಲಸವನ್ನು ಮೋರಿ-ಸಾನ್ ನನಗೇ ವಹಿಸಿದರು, ಚಂದ್ರಾ-ಸಾನ್ (ಅದು ನಾನೇ) ಗಂಟಲಿಗೆ ಮೈಕ್ ಬೇಡ ಅಂತ. ಜಪಾನಿ ಹೆಸರುಗಳನ್ನು ಕೃಪಾ ಕನ್ನಡದಲ್ಲಿ ಬರೆದುಕೊಟ್ಟಿದ್ದಳು. ನಾನು ಅವನ್ನು ಚೆನ್ನಾಗಿಯೇ ಜಜ್ಜಿದೆ, ಅವರು ನಗುತ್ತಲೇ ‘ಹಾಯ್!’ ಅಂದರು. ಇಲ್ಲಿ ಹಾಜರಿಗೆ ಹಾಗೇ ಅನ್ನುವುದು. ಕನ್ನಡಿಗರ ಸರದಿ ಬಂದಾಗ ಅವರೂ ಹಾಯ್ ಅಂದರು.

ಕೂಗುತ್ತಾ ಕೂಗುತ್ತಾ ಹಾಳೆ ಮುಗಿಯಿತು. ನನ್ನದೂ ಸೇರಿ ತೊಂಬತ್ತೊಂಬತ್ತು.

ನೂರು ಸರಿಯಾಗಿ ಆಗಿದೆ ಎಂದು ಹಿಂದಿನ ದಿನ ಎಣಿಸಿಟ್ಟಿದ್ದೆವು. ಒಬ್ಬ ಅಂಗಡಿಯವರನ್ನು ಎರಡು ಸಲ ಬರೆದುಕೊಂಡಿದ್ದೆವಂತೆ. ಹಿರಿಯರು ಗಂಟಲು ಸರಿಪಡಿಸಿಕೊಂಡರು. ತಂಡದ ನಾಯಕಿ ಆಯಾನೆ ತಲೆ ತಗ್ಗಿಸಿದಳು. ನಾನು ಮುಗಿದ ಹಾಳೆಯನ್ನೇ ತಿರುಗಿಸಿ ತಿರುಗಿಸಿ ನೋಡುತ್ತಿದ್ದೆ. ಆಗ ಪಕ್ಕದ ಕೋಣೆಯಿಂದ, ಲ್ಯಾಪ್‌ಟಾಪಿನಿಂದಲೂ ಗೋಡೆಯಿಂದಲೂ ಒಟ್ಟಿಗೆ, ಕೃಪಾಳ ದನಿ ಬಂತು: ಅಮ್ಮ, ನನ್ನ ಹೆಸರೂ ಕೂಗು, ದುಡ್ಡು ಈಗಷ್ಟೇ ಕಳಿಸಿದೆ.

ಹಾಳೆಯ ಕೊನೆಗೆ ಅವಳ ಹೆಸರು ಬರೆದುಕೊಂಡೆ ಇಂದಿರಾ. ಆಮೇಲೆ ಕೂಗಿದೆ. ಕೃಪಾ!

ಅವಳು ಹಾಯ್ ಅನ್ನಲಿಲ್ಲ. ನಮ್ಮ ಗ್ರೌಂಡಿನ ಆ ತುದಿಗೂ ಕೇಳಿಸುವ ಹಾಗೆ, ಪ್ರೆಸೆಂಟ್ ಮೇಡಂ! ಅಂದಳು.

ಮೂರು ವರ್ಷ ಬಾರದ ಉತ್ತರ ಇಲ್ಲಿ ಬಂತು. ಆಮೇಲೆ ಏನಾಯಿತೋ ನನಗೆ ತಿಳಿಯಲಿಲ್ಲ, ಹುಡುಗಿಯರೆಲ್ಲ ಕಿರುಚುತ್ತಿದ್ದರು, ಮೋರಿ-ಸಾನ್ ಜಾಡಿಯನ್ನು ಕ್ಯಾಮೆರಾ ಮುಂದೆ ಹಿಡಿದು ಕುಲುಕುತ್ತಿದ್ದರು. ತಂಡ ಉಳಿಯಿತು ಕಣೇ! ಮರುದಿನ ಬೆಳಿಗ್ಗೆ ಹೊಳೆದಂಡೆಗೆ ಹೊರಡುವಾಗ ಕೃಪಾ ಬಾಗಿಲಲ್ಲಿ ನಿಂತು, ವಿಷಲ್ ತಗೊಂಡ್ಯಾ ಅಂತ ಕೇಳಿದಳು. ನನಗಿನ್ನೇನು ಬೇಕು ಹೇಳು.

ಬಿ.ಪಿ. ಮಾತ್ರೆ ತಪ್ಪಿಸಬೇಡ. ಹೊರಗೆ ಹೋಗುವಾಗ ಮಾಸ್ಕ್ ಮೂಗಿನ ಮೇಲಿರಲಿ, ಗಲ್ಲದ ಮೇಲಲ್ಲ.

ಇಲ್ಲಿನವರ ಚಂದ್ರಾ-ಸಾನ್,
ಯಾವತ್ತಿಗೂ ನಿನ್ನ
ಚಂದ್ರಪ್ರಭಾ

ತಾ.ಕ.: ದುಡ್ಡು ಕೇಳುವುದಕ್ಕಲ್ಲ ಅಂದದ್ದು ನಿಜ. ನಿನ್ನ ಸಾವಿರದ ಒಂದನ್ನು ನಾನೇ ಕಟ್ಟಿಬಿಟ್ಟಿದ್ದೇನೆ. ನೂರಕ್ಕೆ ನಿಲ್ಲಿಸುವುದು ಹೇಗೆ, ಅದರ ಮೇಲೊಂದು ಬೇಡವೇ ಎಂದು ಮೋರಿ-ಸಾನ್ ನನ್ನ ಪಾಠವನ್ನು ನನಗೇ ಒಪ್ಪಿಸಿದರು. ಆ ಒಂದು ನೀನು. ನಮ್ಮ ಗ್ರೌಂಡಿನಲ್ಲಿ ಕಾರು ನಿಲ್ಲಿಸುತ್ತಿದ್ದಾರೆ, ನನ್ನ ವಿಷಲ್ ಗುಜರಿಗೆ ಹಾಕಿದೆ, ಇನ್ನು ನಮ್ಮನ್ನು ಯಾರು ಕರೆಯುತ್ತಾರೆ ಎಂದು ಜೂನ್‌ನಲ್ಲಿ ಫೋನಿನಲ್ಲಿ ಅತ್ತೆಯಲ್ಲ? ನಾನು ಕರೆಯುತ್ತೇನೆ ಕಣೇ. ಜನವರಿಯ ಮೊದಲ ಭಾನುವಾರ ಝೂಮ್‌ನಲ್ಲಿ ಮತ್ತೆ ಹಾಜರಿ, ನಿನಗೆ ಬೆಳಗಿನ ಏಳೂವರೆ. ಎಂಟು ಹುಡುಗಿಯರು ಕಾಯುತ್ತಿರುತ್ತಾರೆ. ನಿನ್ನ ಹೆಸರು ಎಲ್ಲರಿಗಿಂತ ಕೊನೆಗೆ ಬರುತ್ತದೆ. ಸಿಗ್ನಲ್ ಹೋಯಿತು ಅನ್ನಬೇಡ, ಜೋರಾಗಿ ಹೇಳು.