ಎಡಗಡೆಯ ಸೀಟು

ಭಾನುವಾರ, ಮಧ್ಯಾಹ್ನ

ಮುದ್ದಿನ ಪುಟ್ಟಿಗೆ ಅಮ್ಮನ ಆಶೀರ್ವಾದ.

ಫೋನು ಇರುವಾಗ ಇವಳಿಗೇಕೆ ಕಾಗದದ ಹುಚ್ಚು ಎಂದುಕೊಳ್ಳಬೇಡ. ಫೋನು ಹಿಡಿದರೆ ನಿನ್ನಪ್ಪ ಪಕ್ಕದಲ್ಲೇ ಬಂದು ಕೂರುತ್ತಾರೆ. ಈಗ ಅಂಗಳದಲ್ಲಿ ಕಾರು ಒರೆಸುತ್ತಿದ್ದಾರೆ, ಸದ್ಯಕ್ಕೆ ಒಳಗೆ ಬರುವುದಿಲ್ಲ.

ನಿನ್ನ ಪತ್ರಿಕೆಯ ಲೇಖನ ಓದಿದೆ. ನಮ್ಮ ಹಳೇ ಕಾರನ್ನೂ ನೀನು ಪರೀಕ್ಷೆಗೆಂದು ತಂದಿದ್ದ ಕೆಂಪು ಸ್ಪೋರ್ಟ್ಸ್ ಕಾರನ್ನೂ ಪಕ್ಕಪಕ್ಕ ನಿಲ್ಲಿಸಿ ಚೆನ್ನಾಗಿ ತೂಗಿದ್ದೀಯ. ನಮ್ಮದು ಏರಿನಲ್ಲಿ ಏದುಸಿರು ಬಿಡುತ್ತದೆ, ಅದು ಕಾಲು ಸೋಕಿದರೆ ಚಿಮ್ಮುತ್ತದೆ. ನಮ್ಮದರ ಮುಂದಿನ ಸೀಟಿನಲ್ಲೇ ಮೂವರು ಕೂರಬಹುದು. ಆ ಕೆಂಪು ಕಾರಿಗೆ ಇರುವುದೇ ಎರಡು ಸೀಟು. ಅದರಲ್ಲಿ ಕೂರುವುದೆಂದರೆ ಬಾವಿಗೆ ಇಳಿದ ಹಾಗೆ ಎಂದು ನಿನ್ನಪ್ಪ ಗೊಣಗಿದ್ದನ್ನೂ ಬಿಟ್ಟಿಲ್ಲ. ಕೊನೆಯ ಸಾಲೊಂದು ಮಾತ್ರ ತಪ್ಪು. ಹಳೇ ಕಾರಿಗೆ ಒಗ್ಗಿದ ಕೈಗೆ ಹೊಸದರ ವೇಗ ದಕ್ಕಲಿಲ್ಲ, ಅದಕ್ಕೇ ಅಪ್ಪ ಅದನ್ನು ಗೇಟಿನ ಕಂಬಕ್ಕೆ ತಾಗಿಸಿದರು ಎಂದು ಬರೆದಿದ್ದೀಯ. ವೇಗವೆಲ್ಲಿತ್ತು ಪುಟ್ಟಿ? ಆಮೆಯ ಹಾಗೆ ಬರುತ್ತಿದ್ದರು. ನಾನು ಮೆಟ್ಟಿಲ ಮೇಲೆ ನಿಂತು ನೋಡುತ್ತಿದ್ದೆ.

ನಿನ್ನಪ್ಪನಿಗೆ ಎಡಗಣ್ಣು ಕಾಣುವುದಿಲ್ಲ. ಹೋದ ವರ್ಷದಿಂದ. ಇನ್ನು ಕಾರು ಓಡಿಸಬೇಡಿ ಎಂದು ಡಾಕ್ಟರು ಹೇಳಿದರು. ಇವರು ಅಲ್ಲಿ ಕೋಲೆ ಬಸವನಂತೆ ತಲೆಯಾಡಿಸಿ, ಹೊರಗೆ ಬಂದು ಕೀಲಿ ತಿರುಗಿಸಿದರು. ಅಂದಿನಿಂದ ಎಡಗಡೆ ಕೂತು ನಾನು ದಾರಿ ಹೇಳುತ್ತೇನೆ. ಹಾಲಿನ ವ್ಯಾನು ಬಂತು, ನಾಯಿ ಮಲಗಿದೆ, ಕಂಬ ಹತ್ತಿರವಾಯಿತು, ಹೀಗೆ. ನೋಡಿದವರಿಗೆ ಈ ಹೆಂಗಸಿನ ಬಾಯಿಗೆ ಬಿಡುವೇ ಇಲ್ಲ ಅನ್ನಿಸಬೇಕು. ಅಮ್ಮ ಸುಮ್ಮನಾದರೆ ಕಾರೇ ನಿಂತುಹೋಗುತ್ತದೆ ಎಂದು ನೀನೂ ನಕ್ಕಿದ್ದೆ.

ಕೆಂಪು ಕಾರಿನಲ್ಲಿ ನನಗೆ ಜಾಗವಿರಲಿಲ್ಲ. ಎಡಗಡೆ ನೀನು ಕೂತು ಫೋನಿನಲ್ಲಿ ಅಪ್ಪನ ಮುಖದ ವಿಡಿಯೋ ಮಾಡುತ್ತಿದ್ದೆ. ಕಂಬ ಬಂದಾಗ ಕಾರೇ ಕೀಂ ಕೀಂ ಎಂದು ಎಚ್ಚರಿಸಿತಲ್ಲ ಎಂದು ಆಮೇಲೆ ನಾನು ಅವರನ್ನು ಕೇಳಿದೆ. "ಅದು ಬರೀ ಕಿರುಚ್ತು ಕಣೇ, ಏನು ಅಂತ ಹೇಳ್ಲಿಲ್ಲ" ಎಂದರು.

ಇಷ್ಟು ದಿನ ಯಾರಿಗೂ ಹೇಳಲಿಲ್ಲ. ಸ್ಟೀರಿಂಗ್ ಕಿತ್ತುಕೊಂಡರೆ ಮನುಷ್ಯ ಕುಗ್ಗಿಹೋಗುತ್ತಾರೆಂಬ ಭಯ ನನಗೆ. ಆದರೆ ಬರುವ ತಿಂಗಳಿಂದ ಮೊಮ್ಮಗಳನ್ನು ದಿನಾ ಶಾಲೆಗೆ ಬಿಡುವುದು ತಾತನ ಕೆಲಸ ಎಂದು ನೀನೂ ಅಳಿಯಂದಿರೂ ನೀವಿಬ್ಬರೇ ಗೊತ್ತುಮಾಡಿಕೊಂಡಿದ್ದೀರಿ. ನಿನ್ನಪ್ಪ ಚಕಾರ ಎತ್ತದೆ ಒಪ್ಪಿಕೊಂಡರಲ್ಲ, ಅದಕ್ಕೆ ನನಗೆ ಸಿಟ್ಟು. ನನ್ನ ಜೀವ ಅವರ ಕೈಗೆ ಕೊಟ್ಟಿದ್ದು ನನ್ನಿಷ್ಟ, ಮಗುವಿನದನ್ನು ಕೊಡಲಾರೆ. ಬೀದಿಯಲ್ಲಿ ನಡೆಯುವವರೂ ಯಾರದೋ ಮಕ್ಕಳೇ ಎಂಬುದು ನನಗೆ ಈಗ ಹೊಳೆಯುತ್ತಿದೆ. ಶಾಲೆಯ ಬಸ್ಸು ಸಿಕ್ಕಿತು ಎಂದು ನೀನೇ ನೆಪ ಹೇಳು. ಕಣ್ಣಿನ ಸುದ್ದಿ ಎತ್ತಬೇಡ.

ಬೇಕಾದರೆ ನಾನೇ ಕರೆದೊಯ್ಯುತ್ತೇನೆ ಎನ್ನಬಹುದಿತ್ತು. ನನ್ನ ಲೈಸೆನ್ಸನ್ನು ಪ್ರತಿ ಸಲವೂ ನವೀಕರಿಸಿಕೊಂಡೇ ಬಂದಿದ್ದೇನೆ, ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕು ಎಂದು ನಿನ್ನಪ್ಪ ಛೇಡಿಸಿದರೂ. ಆದರೆ ಅವರ ಎದುರಿಗೆ ಆ ಕೀಲಿ ಕೇಳುವ ಧೈರ್ಯ ನನಗಿಲ್ಲ.

ಬೈದರೂ ನಿನ್ನವಳೇ ಆದ,
ಅಮ್ಮ

ಮತ್ತೆ ಸೇರಿಸಿದ್ದು: ಲಕೋಟೆ ಅಂಟಿಸುವ ಮೊದಲೇ ನಿನ್ನಪ್ಪ ಒಳಗೆ ಬಂದು ಕಾಗದ ಯಾರಿಗೆ ಎಂದು ಕೇಳಿದರು. ಸುಳ್ಳು ಬಾಯಿಗೆ ಬರಲಿಲ್ಲ, ಎಲ್ಲ ಓದಿ ಹೇಳಿದೆ. ಜೇಬಿನಿಂದ ಕೀಲಿ ತೆಗೆದು ಕಾಗದದ ಮೇಲಿಟ್ಟು, "ಅಂಚೆ ಡಬ್ಬಿವರೆಗೆ ನೀನೇ ಓಡಿಸು" ಎಂದರು. ಈಗ ಡಬ್ಬಿಯ ಮುಂದೆ ಕಾರು ನಿಲ್ಲಿಸಿ ಸ್ಟೀರಿಂಗಿನ ಮೇಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ದಾರಿಯಲ್ಲಿ ಎರಡು ಸಲ ಎಂಜಿನ್ ನಿಲ್ಲಿಸಿಬಿಟ್ಟೆ, ಅವರು ನಗಲಿಲ್ಲ. ಎಡಗಡೆಯ ಸೀಟಿನಲ್ಲಿ ಕೈಕಟ್ಟಿ ಕೂತಿದ್ದರು. ತಿರುವಿನಲ್ಲಿ ಮಾತ್ರ, "ಬಲಗಡೆ ಸೈಕಲ್ಲು" ಎಂದರು. ಇತ್ತು. ನಾನು ನೋಡಿರಲಿಲ್ಲ.