ಮೇವಿಸಳ ಎರಡು ಗಂಟೆಗಳು

ನವೆಂಬರ್ ೧೯, ಗುರುವಾರ

ಚರ್ಚಿನ ಹಾಲಿನಲ್ಲಿ ಅಭ್ಯಾಸ. ಕೈಗಂಟೆಗಳನ್ನು ಕಾಟಾಚಾರಕ್ಕೆ ಉಜ್ಜಿಟ್ಟಿದ್ದರು, ಮತ್ತೆ ಉಜ್ಜಿಸಿದೆ. ಕ್ರಿಸ್‌ಮಸ್ ದೀಪೋತ್ಸವದ ಭಿತ್ತಿಪತ್ರದಲ್ಲಿ ಒಂದು ವಾಕ್ಯಕ್ಕೆ ಕ್ರಿಯಾಪದವೇ ಇಲ್ಲ. ಕೆಂಪು ಶಾಯಿಯಲ್ಲಿ ತಿದ್ದಿ ಕೌನ್ಸಿಲಿಗೆ ಮರಳಿಸಿದೆ.

ಮೇವಿಸ್ ಒಮ್ಮೆಯೂ ತಪ್ಪಲಿಲ್ಲ. ನನ್ನ ತಂಗಿಗೆ ಕಿವಿ ಕೇಳಿಸದೆಂಬುದು ತಂಡದಲ್ಲಿ ಯಾರಿಗೂ ತಿಳಿಯದು. ತಿಳಿಯಬೇಕಾದ ಅಗತ್ಯವೂ ಇಲ್ಲ. ನನ್ನ ಬಲಗೈ ನೋಡುತ್ತಾಳೆ, ಬಾರಿಸುತ್ತಾಳೆ. ಗಂಟೆಯನ್ನು ಎದೆಗೊತ್ತಿಕೊಂಡು, ಅದರ ನಡುಕ ಅಡಗಿತೆಂಬುದನ್ನು ಮೈಯಿಂದಲೇ ಅರಿಯುತ್ತಾಳೆ. ಶ್ರವಣಯಂತ್ರ ಡ್ರಾಯರಿನಲ್ಲಿದೆ — ಹಾಕಿಕೊಂಡರೆ ಗಂಟೆಗಳೆಲ್ಲ ತಗಡಿನ ಡಬ್ಬಿಗಳಾಗುತ್ತವೆಯಂತೆ.

ನವೆಂಬರ್ ೨೪

ಕ್ಲೈವ್ ಹಾಗೆಟ್ ಬಂದಿದ್ದ. ಚೌಕದ ಮಾಂಸದಂಗಡಿಯವನು, ನನ್ನ ಹಳೆಯ ವಿದ್ಯಾರ್ಥಿ. ತಂಡದ ಅತಿ ದೊಡ್ಡ ಗಂಟೆ ಅವನದು. ಈ ವರ್ಷ ಮರಕ್ಕೆ ದೀಪ ಬೆಳಗುವ ಮೊದಲು ಚೌಕದ ದೀಪಗಳನ್ನೆಲ್ಲ ಆರಿಸುತ್ತಾರಂತೆ. ಆ ಕತ್ತಲೆಯಲ್ಲಿ ನಮ್ಮ ಗಂಟೆಗಳು.

"ಮಿಸ್, ಅಂಗಡಿ ಹಿಂದೆ ಒಂದು ಲಾಟೀನಿದೆ, ತರ್ಲಾ? ಕತ್ತಲಲ್ಲಿ ನನ್ನ ಮೂಗಿಗೆ ನಾನೇ ಹೊಡ್ಕೊಂಡ್ರೆ ಕಷ್ಟ."

ನನ್ನ ತಂಡಕ್ಕೆ ಕಿವಿಗಳಿವೆ, ಲಾಟೀನು ಬೇಡ ಎಂದೆ. ಅವನು ಹೋದ ಮೇಲೆ ಮೇವಿಸ್ ನನ್ನ ತುಟಿಗಳನ್ನೇ ನೋಡುತ್ತ ಕೇಳಿದಳು: "ಬೆಳಕು ಇರುತ್ತಲ್ವಾ, ಹೆಸ್ಟರ್?" ಈ ರಾಗ ನಿನಗೆ ಕೈಪಾಠ, ಕತ್ತಲೆ ಅರೆಕ್ಷಣದ್ದು ಎಂದೆ. ತಲೆಯಾಡಿಸಿದಳು.

ಲಾಟೀನನ್ನು ನನ್ನ ಕೈಯ ಬಳಿ ಹಿಡಿ ಎಂದಿದ್ದರೆ ಕಾರಣ ಕೇಳುತ್ತಿದ್ದ ಕ್ಲೈವ್. ಹೇಳಬೇಕಾಗುತ್ತಿತ್ತು.

ನವೆಂಬರ್ ೨೭

ಇಂದು ಬರೆಯುವುದಿಲ್ಲ.

ನವೆಂಬರ್ ೨೯, ಭಾನುವಾರ

ಬರೆದುಬಿಡುವುದು ಮೇಲು.

ಶುಕ್ರವಾರ ದೀಪೋತ್ಸವದಲ್ಲಿ ಚೌಕದ ದೀಪಗಳು ಆರಿದವು. ರಾಗ ಚೆನ್ನಾಗಿಯೇ ಸಾಗಿತು. ಮುಗಿಯುವ ಹೊತ್ತಿಗೆ ಮೇಯರ್ ಸ್ವಿಚ್ ಒತ್ತಿದರು — ಬೆಳಕು ಬರಲಿಲ್ಲ. ಏನೋ ತಂತಿ ಸಡಿಲವಾಗಿತ್ತಂತೆ. ನಿಲ್ಲಿಸಿ ಎಂದು ನಾನು ಕೈ ಮುಚ್ಚಿದೆ. ಉಳಿದವರು ಕೇಳಿಸಿಕೊಂಡೇ ತಮ್ಮ ಗಂಟೆ ನಿಲ್ಲಿಸಿದರು. ಮೇವಿಸಳವು ಎರಡೂ ನಿಲ್ಲಲಿಲ್ಲ. ನನ್ನ ಕೈ ಅವಳಿಗೆ ಕಾಣಲಿಲ್ಲ. ಮೊದಲಿನಿಂದ ಮತ್ತೆ ಬಾರಿಸಬೇಕೆಂದುಕೊಂಡಳೇನೋ, ತನ್ನ ಸ್ವರಗಳನ್ನು ಮಾತ್ರ, ಒಬ್ಬಳೇ… ಯಾರೋ "ಐಸ್‌ಕ್ರೀಮ್ ಗಾಡಿ ಬಂತು ನೋಡ್ರಪ್ಪೋ" ಎಂದ. ಚೌಕವೆಲ್ಲ ನಕ್ಕಿತು.

ಬೆಳಕು ಬಂದಾಗ ಕಣ್ಣು ಮುಚ್ಚಿಕೊಂಡು, ನಗುಮುಖದಿಂದ ಬಾರಿಸುತ್ತಿದ್ದಳು. ನಾನು ಹೋಗಿ ಗಂಟೆಯ ಬಾಯನ್ನು ಅಂಗೈಯಿಂದ ಹಿಡಿದೆ. ಕಣ್ಣು ತೆರೆದಳು. ನನ್ನ ಮುಖ ನೋಡಿದಳು. ಅನಂತರ ಜನರ ಮುಖಗಳನ್ನು.

ಮನೆಯ ಬಾಗಿಲಲ್ಲಿ ಅವಳದು ಒಂದೇ ಮಾತು: "ಗಂಟೆ ಬೇರೆ ಯಾರಿಗಾದ್ರೂ ಕೊಡು."

ಡಿಸೆಂಬರ್ ೩

ಗಂಟೆ ಬಾರಿಸುವಾಗ ಹಾಕಿಕೊಳ್ಳುವ ಬಿಳಿ ಕೈಗವಸುಗಳನ್ನು ಒಗೆದು, ಇಸ್ತ್ರಿ ಮಾಡಿ, ನನ್ನ ಮೇಜಿನ ಮೇಲಿಟ್ಟಿದ್ದಾಳೆ. ಅಭ್ಯಾಸಕ್ಕೆ ಬರಲಿಲ್ಲ. ಕೆಮ್ಮು. ಆ ಸಂಜೆಯ ಚಳಿ ಎದೆಗಿಳಿದಿದೆ.

ಡಿಸೆಂಬರ್ ೧೮

ಆಸ್ಪತ್ರೆಯಿಂದ ಕರೆತಂದೆವು, ಅವಳದೇ ಹಠ. ನ್ಯುಮೋನಿಯಾ. ಮಹಡಿಯ ಮುಂದಿನ ಕೋಣೆಯಲ್ಲಿ, ಚೌಕ ಕಾಣುವಂತೆ, ಕಿಟಕಿಯ ಪಕ್ಕಕ್ಕೆ ಮಂಚ ಹಾಕಿಸಿದೆ. ಡಾಕ್ಟರ್ ಹೊಸ ವರ್ಷದ ಮಾತೆತ್ತಲಿಲ್ಲ. ನಾನೂ ಕೇಳಲಿಲ್ಲ.

ಇಪ್ಪತ್ತನಾಲ್ಕರಂದು ಚೌಕದ ಕಲ್ಲುಶಿಲುಬೆಯ ಬಳಿ ಎಂದಿನಂತೆ ಬಾರಿಸುವಿರಾ ಎಂದು ಕೇಳಿದಳು. ಹೌದೆಂದೆ.

"ನನ್ನವು ಯಾರ ಕೈಲಿವೆ?"

ದಿಂಬು ಸರಿಪಡಿಸುವ ನೆಪದಲ್ಲಿ ಮುಖ ತಿರುಗಿಸಿಕೊಂಡೆ. ತುಟಿ ಕಾಣದಿದ್ದರೆ ಅವಳಿಗೆ ಉತ್ತರವೂ ಇಲ್ಲ. ಇದು ನನಗೆ ಇಷ್ಟು ಸುಲಭವಾಗಿ ಬರುತ್ತದೆ.

ಡಿಸೆಂಬರ್ ೨೨

ಕ್ಲೈವನ ಅಂಗಡಿಯಲ್ಲಿ ಹೆಬ್ಬಾತು, ಟರ್ಕಿ ಒಯ್ಯುವವರ ಸಾಲು ಬೀದಿಯವರೆಗೆ. ಸಾಲು ಮುರಿದು ಒಳನಡೆದೆ. ಬದುಕಿನಲ್ಲಿ ಹಿಂದೆಂದೂ ಮಾಡಿದವಳಲ್ಲ. "ಮಿಸ್‌ಗೂ ಸಾಲು ಇದೆ ಕಣ್ರೀ" ಎಂದು ಹಿಂದಿನಿಂದ ಯಾರೋ ಗೊಣಗಿದರು. ಅವರೆಲ್ಲರ ಎದುರಿಗೇ ಹೇಳಿದೆ: ನನ್ನ ತಂಗಿಗೆ ಬಹು ಕಾಲದಿಂದ ಕಿವಿ ಕೇಳಿಸುವುದಿಲ್ಲ. ಮುಚ್ಚಿಟ್ಟವಳು ನಾನು, ಅವಳಲ್ಲ.

ಕ್ಲೈವ್ ಕತ್ತಿ ಕೆಳಗಿಟ್ಟ.

"ಅವತ್ತೇ ಒಂದು ಮಾತು ಹೇಳಿದ್ರೆ ನಾನೇ ಲಾಟೀನು ಹಿಡ್ಕೊಂಡು ನಿಂತಿರ್ತಿದ್ದೆನಲ್ಲ, ಮಿಸ್."

"ಈಗ ಹಿಡೀತೀಯಾ?"

ಕೈ ಒರೆಸಿಕೊಂಡು ಹೂಂ ಎಂದ. ಆ ಎರಡು ಗಂಟೆಗಳನ್ನು ಬಾರಿಸುವವರು ಯಾರೆಂದು ಕೇಳಿದ. ಯಾರೂ ಅಲ್ಲವೆಂದೆ. ರಾಗ ಹಲ್ಲು ಬಿದ್ದ ಬಾಯಿಯಂತಾದೀತು ಎಂದ. ಆಗಲಿ ಎಂದೆ. ಅವನ ಗಂಟೆಯನ್ನು ಹೆಂಡತಿ ಬಾರಿಸುತ್ತಾಳೆ.

ಡಿಸೆಂಬರ್ ೨೪

ಹಿಮವಿಲ್ಲ, ಬರೀ ತೇವ. ಜನ ಕ್ರಿಸ್‌ಮಸ್ ತಿನಿಸು ಮಿನ್ಸ್ ಪೈ ಹಿಡಿದು ನಿಂತಿದ್ದರು. ಎಂದಿನ ಜಾಗ ಬಿಟ್ಟು ಮನೆಗೆ ಮುಖ ಮಾಡಿ ನಿಂತೆ. ಕ್ಲೈವ್ ಲಾಟೀನನ್ನು ನನ್ನ ಭುಜದ ಮಟ್ಟಕ್ಕೆ ಎತ್ತಿ ಹಿಡಿದ. ತಂಡದ ಮೇಜಿನ ಮೇಲೆ ಮೇವಿಸಳ ಗಂಟೆಗಳು, ಪಕ್ಕದಲ್ಲಿ ಕೈಗವಸುಗಳು.

ಕಿಟಕಿಯಲ್ಲಿ ದೀಪ ಹತ್ತಿತು. ಪಕ್ಕದ ಮನೆಯ ಮಿಸೆಸ್ ಬ್ಲೈತ್ ಅವಳನ್ನು ದಿಂಬಿಗೊರಗಿಸಿ ಕೂರಿಸಿದ್ದರು.

ಕೈ ಎತ್ತಿದೆ. ರಾಗ ಶುರುವಾಯಿತು. ಅವಳ ಮೊದಲ ಸ್ವರದ ಜಾಗ ಬಂದಿತು — ಖಾಲಿ. ಅದೇ ಕ್ಷಣಕ್ಕೆ ಕಿಟಕಿಯ ಗಾಜಿನ ಹಿಂದೆ ಒಂದು ಬರಿಗೈ ಮೇಲೆದ್ದು ಇಳಿಯಿತು, ಎದೆಗೆ ಹೋಯಿತು. ಮತ್ತೆ ಖಾಲಿ, ಮತ್ತೊಂದು ಕೈ. ಒಂದೂ ತಪ್ಪಲಿಲ್ಲ. ಜನ ಒಬ್ಬೊಬ್ಬರಾಗಿ ತಿರುಗಿ ಮೇಲೆ ನೋಡತೊಡಗಿದರು. ಈ ಬಾರಿ ಯಾರೂ ನಗಲಿಲ್ಲ.

ಕೊನೆಯ ಸ್ವರ ಅವಳದು. ಚೌಕವಿಡೀ ಆ ಮೌನಕ್ಕೆ ಕಿವಿಗೊಟ್ಟಿತು. ಕೈ ಮುಚ್ಚಿದೆ.

ಮೇಲೆ ಹೋದೆ. ಮಿಸೆಸ್ ಬ್ಲೈತ್ ಕಿಟಕಿಯ ಕಡೆ ತಿರುಗಿ ನಿಂತಿದ್ದರು. ಮೇವಿಸಳ ಎರಡೂ ಕೈಗಳು ಇನ್ನೂ ಎದೆಯ ಮೇಲೆಯೇ, ಒತ್ತಿ ಹಿಡಿದಂತೆ. ಮುಗಿಯಿತು, ಚೆನ್ನಾಗಿ ಬಾರಿಸಿದೆ ಎಂದೆ, ತುಟಿ ಕಾಣುವಂತೆ ಮುಖ ಹತ್ತಿರ ತಂದು. ಮತ್ತೊಮ್ಮೆ ಹೇಳಿದೆ. ಕೈಗಳ ಮೇಲೆ ನನ್ನ ಕೈ ಇಟ್ಟೆ, ನಡುಕವೇನಾದರೂ ಉಳಿದಿದೆಯೇ ಎಂದು. ಅಡಗಿತ್ತು.